ಡಾ॥ ಜಾರ್ಜ್ ಪಾಪನಿಕೊಲಾವ್

ಹೆಂಗಸರ ಆಸ್ಪತ್ರೆಗಳಲ್ಲಿ ಪ್ಯಾಪ್ ಪರೀಕ್ಷೆ ಎಂಬ ಮಾತು ದಿನವೂ ಕಿವಿಗೆ ಬೀಳುತ್ತದೆ. ಪ್ಯಾಪ್ ಎಂಬುದು ಔಷಧದ ಹೆಸರಲ್ಲ, ಯಂತ್ರದ ಹೆಸರೂ ಅಲ್ಲ. ಅದು ಒಬ್ಬ ಮನುಷ್ಯನ ಹೆಸರಿನ ತುಂಡು. ಗ್ರೀಸ್ ದೇಶದ ಒಂದು ದ್ವೀಪದಲ್ಲಿ ಹುಟ್ಟಿ, ನ್ಯೂಯಾರ್ಕ್ ನಗರದ ಪ್ರಯೋಗಶಾಲೆಯೊಂದರಲ್ಲಿ ಹೆಚ್ಚುಕಡಮೆ ಅರ್ಧ ಶತಮಾನ ಸೂಕ್ಷ್ಮದರ್ಶಕದ ಮುಂದೆ ಕುಳಿತ ಜಾರ್ಜ್ ಪಾಪನಿಕೊಲಾವನ ಹೆಸರನ್ನು ಪೂರ್ತಿಯಾಗಿ ಹೇಳಲು ಅಮೆರಿಕದವರಿಗೆ ನಾಲಗೆ ಹೊರಳಲಿಲ್ಲ. ಜೊತೆಯವರು ಅವನನ್ನು ಡಾಕ್ಟರ್ ಪ್ಯಾಪ್ ಎಂದೇ ಕರೆದರು. ಅವನು ಕಂಡುಹಿಡಿದ ಪರೀಕ್ಷೆಗೂ ಅದೇ ಹೆಸರು ಅಂಟಿಕೊಂಡಿತು.

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಈ ವೈದ್ಯವಿಷಯವೇಕೆ ಎಂದು ಕೆಲವರು ಕೇಳಬಹುದು. ಒಡೆದುಹೋದ ಶಾಸನದ ಒಂದು ಚೂರನ್ನು ಕೈಯಲ್ಲಿ ಹಿಡಿದು ಇಡೀ ಶಾಸನ ಏನು ಹೇಳುತ್ತಿತ್ತೆಂದು ನಿರ್ಣಯಿಸಬೇಕಾದ ಇತಿಹಾಸದ ವಿದ್ಯಾರ್ಥಿಗೆ ಈ ಕಥೆಯ ಕಷ್ಟ ಬೇಗನೆ ಅರ್ಥವಾದೀತು. ದೇಹದಿಂದ ಕತ್ತರಿಸಿದ ಒಂದು ಚೂರನ್ನು ನೋಡಿ, ಒಬ್ಬ ಹೆಂಗಸಿನ ಗರ್ಭಕೋಶದಲ್ಲಿ ಕ್ಯಾನ್ಸರ್ ಇದೆಯೆ ಇಲ್ಲವೆ ಎಂದು ತೀರ್ಪು ಹೇಳುವುದೂ ಅಂತಹುದೇ ಕೆಲಸ. ತಪ್ಪಿದರೆ ಮಾತ್ರ ಅಲ್ಲಿ ಹೋಗುವುದು ಒಂದು ರಾಜವಂಶದ ಕಾಲನಿರ್ಣಯವಲ್ಲ.

ಪಾಪನಿಕೊಲಾವನು ೧೮೮೩ರ ಮೇ ೧೩ರಂದು ಯೂಬಿಯ ದ್ವೀಪದ ಕಿಮಿ ಎಂಬ ಊರಿನಲ್ಲಿ ಜನಿಸಿದನು. ತಂದೆ ನಿಕೊಲಾಸ್ ವೈದ್ಯನಾಗಿದ್ದನು. ಆ ಊರಿನ ಪುರಸಭೆಯ ಅಧ್ಯಕ್ಷನೂ ಆಗಿದ್ದನು. ತಾಯಿ ಮರಿಯಾ. ಮಗನು ಹದಿನೈದನೆಯ ವಯಸ್ಸಿಗೇ ಅಥೆನ್ಸ್ ವಿಶ್ವವಿದ್ಯಾನಿಲಯವನ್ನು ಸೇರಿ ೧೯೦೪ರಲ್ಲಿ ವೈದ್ಯ ಪದವಿಯನ್ನು ಪಡೆದನು. ಓದು ಮುಗಿಸಿ ಊರಿಗೆ ಬಂದು ತನ್ನ ಕುರ್ಚಿಯಲ್ಲಿ ಕೂರಲಿ ಎಂಬುದು ತಂದೆಯ ಆಸೆ. ಸೈನ್ಯದಲ್ಲಿ ಕಡ್ಡಾಯದ ಸೇವೆ ಮುಗಿಸಿ ಊರಿಗೆ ಬಂದವನು ಕೆಲವು ಕಾಲ ಕುಷ್ಠರೋಗಿಗಳ ಆರೈಕೆಯನ್ನು ಮಾಡಿದ್ದೂ ಉಂಟು. ಆದರೆ ರೋಗಿಯ ನಾಡಿ ಹಿಡಿಯುವುದಕ್ಕಿಂತ ಜೀವದ ಮೂಲವನ್ನು ಹುಡುಕುವುದರಲ್ಲಿ ಅವನ ಮನಸ್ಸು ನೆಟ್ಟಿತ್ತು. ತಂದೆಯನ್ನು ಒಪ್ಪಿಸಿ ಜರ್ಮನಿಗೆ ಹೊರಟನು. ಯೇನಾದಲ್ಲಿ ಹೆಕೆಲ್, ಫ್ರೈಬರ್ಗಿನಲ್ಲಿ ವೈಸ್‌ಮನ್, ಮ್ಯೂನಿಕ್ಕಿನಲ್ಲಿ ಹರ್ಟ್‌ವಿಗ್, ಹೀಗೆ ಆ ಕಾಲದ ದೊಡ್ಡ ಜೀವಶಾಸ್ತ್ರಜ್ಞರ ಬಳಿ ಕಲಿತು, ನೀರುಚಿಗಟಗಳಲ್ಲಿ ಹೆಣ್ಣು ಗಂಡು ಎಂಬ ಭೇದ ಹೇಗೆ ನಿಶ್ಚಯವಾಗುತ್ತದೆ ಎಂಬುದನ್ನು ಕುರಿತು ಪ್ರಬಂಧ ಬರೆದು ೧೯೧೦ರಲ್ಲಿ ಡಾಕ್ಟರೇಟ್ ಪಡೆದನು.

ಅದೇ ವರ್ಷ ತಾಯ್ನಾಡಿಗೆ ಮರಳುವ ಹಡಗಿನಲ್ಲಿ ಅವನಿಗೆ ಆಂಡ್ರೊಮಾಕಿ ಮಾವ್ರೊಯೆನಿ ಎಂಬ ಸೈನಿಕ ಮನೆತನದ ತರುಣಿಯ ಪರಿಚಯವಾಯಿತು. ಸೆಪ್ಟೆಂಬರಿನಲ್ಲಿ ಮದುವೆಯೂ ಆಯಿತು. ಈಕೆಯನ್ನು ಮುಂದೆ ಎಲ್ಲರೂ ಮೇರಿ ಎಂದು ಕರೆದರು. ಮೇರಿಯ ಹೆಸರಿಲ್ಲದೆ ಪಾಪನಿಕೊಲಾವನ ಚರಿತ್ರೆಯನ್ನು ಬರೆಯುವುದು ಸಾಧ್ಯವಿಲ್ಲ. ಏಕೆಂಬುದು ಮುಂದೆ ತಿಳಿಯುತ್ತದೆ. ಮದುವೆಯ ನಂತರ ಮೊನಾಕೊ ದೇಶದ ಸಾಗರಶಾಸ್ತ್ರ ಸಂಸ್ಥೆಯಲ್ಲಿ ಕೆಲಸ, ಅಲ್ಲಿನ ದೊರೆಯ ಹಡಗಿನಲ್ಲಿ ಒಂದು ಸಂಶೋಧನಾ ಯಾತ್ರೆ, ೧೯೧೨ರಲ್ಲಿ ಬಾಲ್ಕನ್ ಯುದ್ಧ ಬಂದಾಗ ಸೈನ್ಯದ ವೈದ್ಯದಳದಲ್ಲಿ ಸೇವೆ. ಯುದ್ಧಕ್ಕಾಗಿ ಅಮೆರಿಕದಿಂದ ಮರಳಿ ಬಂದಿದ್ದ ಗ್ರೀಕ್ ಯುವಕರ ಬಾಯಿಂದ ಆ ದೇಶದ ಸುದ್ದಿಯನ್ನು ಕೇಳಿದನು. ೧೯೧೩ರ ಅಕ್ಟೋಬರ್ ೧೯ರಂದು ಗಂಡಹೆಂಡಿರು ನ್ಯೂಯಾರ್ಕಿನ ಬಂದರಿನಲ್ಲಿ ಇಳಿದರು. ಕೈಯಲ್ಲಿದ್ದುದು ಇನ್ನೂರೈವತ್ತು ಡಾಲರು. ಆ ದೇಶದೊಳಕ್ಕೆ ಬಿಡಬೇಕಾದರೆ ಅಷ್ಟಾದರೂ ತೋರಿಸಬೇಕಾಗಿತ್ತು. ಇಂಗ್ಲಿಷು ಇಬ್ಬರಿಗೂ ಬರುತ್ತಿರಲಿಲ್ಲ.

ಎರಡು ಪದವಿಗಳನ್ನು ಪಡೆದ ಈ ವಿದ್ವಾಂಸನು ಒಂದು ದೊಡ್ಡ ಅಂಗಡಿಯಲ್ಲಿ ರತ್ನಗಂಬಳಿ ಮಾರುವ ಕೆಲಸಕ್ಕೆ ಸೇರಿದನು. ಮೇರಿ ವಾರಕ್ಕೆ ಐದು ಡಾಲರಿಗೆ ಗುಂಡಿ ಹೊಲಿಯುವ ಕೆಲಸ ಹಿಡಿದಳು. ಅವರೊಡನೆ ಹಡಗಿನಲ್ಲಿ ಬಂದವರೊಬ್ಬರು ಮೊದಲ ದಿನವೇ ಅಂಗಡಿಗೆ ಬಂದು, ಇವನನ್ನು ಆ ವೇಷದಲ್ಲಿ ಕಂಡು ಬೆರಗಾದರಂತೆ. ಮರುದಿನದಿಂದ ಇವನು ಆ ಕಡೆ ತಲೆಹಾಕಲಿಲ್ಲ. ಹೋಟೆಲುಗಳಲ್ಲಿ ಪಿಟೀಲು ಬಾರಿಸಿದನು, ಗ್ರೀಕ್ ಪತ್ರಿಕೆಯೊಂದರಲ್ಲಿ ಗುಮಾಸ್ತೆ ಮಾಡಿದನು. ಅನುವಂಶೀಯತೆಯ ಸಂಶೋಧನೆಗೆ ಹೆಸರಾದ ಥಾಮಸ್ ಹಂಟ್ ಮಾರ್ಗನ್ ನೀರುಚಿಗಟದ ಪ್ರಬಂಧವನ್ನು ಬಲ್ಲವನಾಗಿದ್ದುದು ಕೊನೆಗೆ ಕೈಹಿಡಿಯಿತು. ಅವನ ಶಿಫಾರಸಿನಿಂದ ಮೊದಲು ನ್ಯೂಯಾರ್ಕ್ ಆಸ್ಪತ್ರೆಯಲ್ಲಿ, ೧೯೧೪ರಲ್ಲಿ ಕಾರ್ನೆಲ್ ವೈದ್ಯಕೀಯ ಕಾಲೇಜಿನ ಅಂಗರಚನಾಶಾಸ್ತ್ರ ವಿಭಾಗದಲ್ಲಿ ಕೆಲಸ ದೊರೆಯಿತು. ಮೇರಿಯೂ ಅಲ್ಲಿಗೇ ಸಹಾಯಕಿಯಾಗಿ ಬಂದಳು.

ವಿಭಾಗದ ಮುಖ್ಯಸ್ಥನಾದ ಚಾರ್ಲ್ಸ್ ಸ್ಟಾಕರ್ಡ್, ಹೆಂಡದ ಆವಿಯನ್ನು ಕುಡಿದ ಗಿನಿಹಂದಿಗಳ ಸಂತತಿ ಹೇಗಿರುತ್ತದೆ ಎಂದು ಪರೀಕ್ಷಿಸುತ್ತಿದ್ದನು. ಪಾಪನಿಕೊಲಾವನಿಗೆ ಅಂಡಾಶಯದಿಂದ ಹೊರಬೀಳುವ ಹೊತ್ತಿನ ಅಂಡಾಣು ಬೇಕಾಗಿತ್ತು. ಆ ಹೊತ್ತು ಯಾವುದೆಂದು ತಿಳಿಯುವ ದಾರಿ ಇರಲಿಲ್ಲ. ಊಹೆಯ ಮೇಲೆ ಒಂದೊಂದೇ ಪ್ರಾಣಿಯನ್ನು ಕೊಂದು ನೋಡಬೇಕು, ಹೆಚ್ಚಿನ ಪಾಲು ಕೊಂದದ್ದು ವ್ಯರ್ಥ. ಮೇಲು ವರ್ಗದ ಪ್ರಾಣಿಗಳ ಹೆಣ್ಣುಗಳಿಗೆ ಮುಟ್ಟಿನಂತಹ ಸ್ರಾವವಿರುವಾಗ ಗಿನಿಹಂದಿಗೂ ಕಣ್ಣಿಗೆ ಕಾಣದಷ್ಟು ಸ್ವಲ್ಪವಾದರೂ ಏಕಿರಬಾರದು ಎಂದು ಅವನಿಗೆ ಹೊಳೆಯಿತು. ಅಂಗಡಿಗೆ ಹೋಗಿ, ವೈದ್ಯರು ಮೂಗಿನೊಳಗನ್ನು ನೋಡಲು ಬಳಸುವ ಚಿಕ್ಕ ಉಪಕರಣವೊಂದನ್ನು ಕೊಂಡುತಂದು ಅದರಿಂದ ಪರೀಕ್ಷಿಸಿದನು. ಸಿಕ್ಕ ತೇವವನ್ನು ಗಾಜಿನ ಫಲಕದ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿಟ್ಟಾಗ ಕಂಡದ್ದು ಬರಿಯ ಲೋಳೆಯಲ್ಲ. ನಾನಾ ಆಕಾರದ ಜೀವಕೋಶಗಳ ಸಂತೆ. ದಿನದಿನವೂ ಆ ಸಂತೆಯ ರೂಪ ಬದಲಾಗುತ್ತ, ಸುಮಾರು ಹದಿನಾರು ದಿನಗಳಿಗೊಮ್ಮೆ ಮೊದಲಿನಂತಾಗುತ್ತಿತ್ತು. ಪ್ರಾಣಿಯನ್ನು ಕೊಲ್ಲದೆಯೇ, ಅದರ ಒಳಗೆ ಏನು ನಡೆಯುತ್ತಿದೆಯೆಂಬುದನ್ನು ಉದುರಿದ ಕೋಶಗಳಿಂದ ತಿಳಿಯಬಹುದಾಯಿತು. ೧೯೧೭ರಲ್ಲಿ ಸ್ಟಾಕರ್ಡನೊಡನೆ ಇದನ್ನು ಪ್ರಕಟಿಸಿದನು. ಹೆಣ್ಣುತನದ ಹಾರ್ಮೋನನ್ನು ಬೇರ್ಪಡಿಸಿದ ಮುಂದಿನ ಸಂಶೋಧಕರಿಗೆ ಈ ಸವರಿಕೆಯ ವಿಧಾನವೇ ಅಳತೆಗೋಲಾಯಿತು.

ಗಿನಿಹಂದಿಯಿಂದ ಮನುಷ್ಯರ ಕಡೆಗೆ ತಿರುಗಿದಾಗ ಅವನಿಗೆ ದೊರೆತ ಮೊದಲ ಹೆಂಗಸು ಹೆಂಡತಿಯೇ. ದಿನಬಿಟ್ಟು ದಿನವಲ್ಲ, ಪ್ರತಿದಿನವೂ, ಸುಮಾರು ಇಪ್ಪತ್ತೊಂದು ವರ್ಷ ಮೇರಿ ತನ್ನ ದೇಹದ ಸವರಿಕೆಯನ್ನು ಪರೀಕ್ಷೆಗೆ ಕೊಟ್ಟಳು. ಕೊಟ್ಟು ಸುಮ್ಮನಾಗಲಿಲ್ಲ, ಫಲಕಗಳನ್ನು ತೊಳೆಯುವುದು, ಬಣ್ಣ ಹಾಕುವುದು, ಲೆಕ್ಕ ಇಡುವುದು, ಮನೆ ನಡೆಸುವುದು ಎಲ್ಲವೂ ಆಕೆಯ ಪಾಲಿನದೇ. ಅವರಿಗೆ ಮಕ್ಕಳಾಗಲಿಲ್ಲ. ಆರೋಗ್ಯವಂತ ಹೆಂಗಸಿನ ಕೋಶಗಳು ತಿಂಗಳ ಯಾವ ದಿನ ಹೇಗಿರುತ್ತವೆ ಎಂಬುದನ್ನು ಅವನು ಆಕೆಯ ಫಲಕಗಳಿಂದ ಮನಸ್ಸಿನಲ್ಲಿ ಅಚ್ಚೊತ್ತಿಕೊಂಡನು. ಅಸಹಜವಾದುದನ್ನು ಗುರುತಿಸಲು ಮೊದಲು ಸಹಜವಾದುದರ ನೂರು ವೇಷಗಳನ್ನು ಬಲ್ಲವನಾಗಿರಬೇಕು. ನನ್ನ ಮಟ್ಟಿಗೆ ಅವನ ಎಲ್ಲ ಸಾಧನೆಗೂ ಇದೇ ಬುನಾದಿ. ಆ ಬುನಾದಿಯ ಅರ್ಧ ಮೇರಿಯದು.

ಇಪ್ಪತ್ತರ ದಶಕದ ನಡುವೆ ನ್ಯೂಯಾರ್ಕಿನ ಹೆಂಗಸರ ಆಸ್ಪತ್ರೆಯಲ್ಲಿ ಹಲವರ ಸವರಿಕೆಗಳನ್ನು ನೋಡುತ್ತಿರುವಾಗ ಒಂದು ಫಲಕದಲ್ಲಿ ವಿಕಾರವಾದ ಕೋಶಗಳು ಕಂಡವು. ನಡುವಣ ಕೋಶಕೇಂದ್ರವು ಹಿಗ್ಗಿ, ಗಾಢ ಬಣ್ಣ ಹೀರಿಕೊಂಡು, ಅಂಚು ಸೊಟ್ಟಗಾಗಿದ್ದಿತು. ಒಂದು ಕೋಶದಂತೆ ಮತ್ತೊಂದಿರಲಿಲ್ಲ. ಆ ಹೆಂಗಸಿಗೆ ಗರ್ಭಕೋಶದ ಕೊರಳಿನ ಕ್ಯಾನ್ಸರ್ ಇದ್ದಿತು. ತನ್ನ ಇಡೀ ವೃತ್ತಿಜೀವನದಲ್ಲಿ ಅಷ್ಟು ರೋಮಾಂಚವಾದ ಗಳಿಗೆ ಮತ್ತೊಂದಿಲ್ಲವೆಂದು ಅವನು ಮುಂದೆ ನೆನೆಯುತ್ತಿದ್ದನು.

ಇಲ್ಲಿ ಕಥೆಯನ್ನು ಸ್ವಲ್ಪ ನಿಲ್ಲಿಸಿ, ಆ ಕಾಲದ ವೈದ್ಯರು ಇಂತಹ ರೋಗವನ್ನು ಹೇಗೆ ನಿರ್ಣಯಿಸುತ್ತಿದ್ದರೆಂಬುದನ್ನು ನೋಡಬೇಕು. ೧೮೭೦ರ ದಶಕದಲ್ಲಿ ಬರ್ಲಿನ್ನಿನ ಕಾರ್ಲ್ ರೂಗೆ ಮತ್ತು ಯೊಹಾನ್ ಫೈಟ್ ಎಂಬವರು ಗರ್ಭಕೋಶದ ಕೊರಳಿನಿಂದ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಕ್ರಮವನ್ನು ನೆಲೆಗೊಳಿಸಿದರು. ಇದನ್ನೇ ಬಯಾಪ್ಸಿ ಎನ್ನುವುದು. ಚೂರನ್ನು ಫಾರ್ಮಲಿನ್‌ನಲ್ಲಿ ಕೆಡದಂತೆ ಇಟ್ಟು, ಮದ್ಯಸಾರದಿಂದ ನೀರಿನ ಅಂಶವನ್ನು ಹೀರಿ, ಕರಗಿದ ಮೇಣದಲ್ಲಿ ಹುದುಗಿಸಿ, ಗಟ್ಟಿಯಾದ ಮೇಲೆ ಒಂದು ಮಿಲಿಮೀಟರಿನ ಸಾವಿರದಲ್ಲಿ ನಾಲ್ಕೈದು ಪಾಲಿನಷ್ಟು ತೆಳುವಾದ ಹಾಳೆಗಳಾಗಿ ಹೆರೆದು ಬಣ್ಣ ಹಾಕುತ್ತಾರೆ. ಆಗ ಕೋಶಗಳು ಮಾತ್ರವಲ್ಲ, ಅವು ಕೂಡಿ ಆದ ಅಂಗಾಂಶದ ವಿನ್ಯಾಸವೂ ಕಾಣುತ್ತದೆ. ಮೇಲ್ಪೊರೆಯ ಕೆಳಗೆ ತೆಳ್ಳನೆಯ ತಳಪೊರೆಯೊಂದಿದೆ. ಕೆಟ್ಟ ಕೋಶಗಳು ಆ ಗೆರೆಯೊಳಗೇ ನಿಂತಿವೆಯೆ, ಗೆರೆ ದಾಟಿ ಒಳನಾಡಿಗೆ ನುಗ್ಗಿವೆಯೆ ಎಂಬುದೇ ರೋಗವಿಜ್ಞಾನಿಯ ಮುಖ್ಯ ಪ್ರಶ್ನೆ. ನುಗ್ಗಿದ್ದರೆ ದೊಡ್ಡ ಶಸ್ತ್ರಚಿಕಿತ್ಸೆ ಅಥವಾ ರೇಡಿಯಂ. ಇಲ್ಲವಾದರೆ ಅಷ್ಟು ಬೇಕಿಲ್ಲ.

ಕೇಳುವುದಕ್ಕೆ ಇದು ಸುಲಭವಾಗಿದೆ. ಆದರೆ ಚೂರು ತಾನು ಹೊರಟ ಜಾಗದ ಸಾಕ್ಷಿಯನ್ನಷ್ಟೇ ಹೇಳಬಲ್ಲುದು. ಬೆರಳಗಲ ಆಚೆಗಿನದನ್ನು ಹೇಳಲಾರದು. ಇತಿಹಾಸದ ವಿದ್ಯಾರ್ಥಿಗಳಿಗೆ ತಿಳಿದಿರುವ ಒಂದು ಪ್ರಸಂಗವನ್ನು ಇಲ್ಲಿ ನೆನೆಯಬಹುದು. ೧೮೮೭ರಲ್ಲಿ ಜರ್ಮನಿಯ ಯುವರಾಜ ಫ್ರೆಡರಿಕ್ಕನ ಗಂಟಲಿನಿಂದ ತೆಗೆದ ಚೂರುಗಳನ್ನು, ಆ ಶಾಸ್ತ್ರಕ್ಕೆ ಪಿತಾಮಹನೆನಿಸಿದ ವಿರ್ಕೋವನೇ ಪರೀಕ್ಷಿಸಿ ಕ್ಯಾನ್ಸರ್ ಕಾಣಲಿಲ್ಲವೆಂದನು. ಆ ಯುವರಾಜನು ಪಟ್ಟಕ್ಕೆ ಬಂದು ತೊಂಬತ್ತೊಂಬತ್ತು ದಿನ ಆಳಿ, ೧೮೮೮ರ ಜೂನಿನಲ್ಲಿ ಗಂಟಲಿನ ಕ್ಯಾನ್ಸರಿನಿಂದಲೇ ತೀರಿಕೊಂಡನು. ಗರ್ಭಕೋಶದ ಕೊರಳಿನಲ್ಲಿಯೂ ಅಷ್ಟೆ. ಕಣ್ಣಿಗೆ ಹುಣ್ಣು ಕಂಡರೆ ಚೂರು ಎಲ್ಲಿಂದ ತೆಗೆಯಬೇಕೆಂಬುದು ಗೊತ್ತಾಗುತ್ತದೆ. ಆದರೆ ಹುಣ್ಣು ಕಾಣುವ ವೇಳೆಗೆ ರೋಗ ಬೇರೂರಿರುತ್ತದೆ. ಏನೂ ಕಾಣದಿದ್ದಾಗ ಎಲ್ಲಿಂದ ಕತ್ತರಿಸುವುದು?

ಇನ್ನು ಚೂರು ಸರಿಯಾದ ಜಾಗದಿಂದಲೇ ಬಂದಿತೆನ್ನಿ. ಮೇಣದ ಗಟ್ಟಿಯನ್ನು ಓರೆಯಾಗಿ ಹೆರೆದರೆ ಮೇಲ್ಪೊರೆಯ ಸಹಜವಾದ ಮಡಿಕೆಗಳು ಕಡಿದ ದ್ವೀಪಗಳಂತೆ ಆಳದಲ್ಲಿ ತೇಲಿ, ರೋಗ ಗೆರೆ ದಾಟಿದೆಯೆಂಬ ಭ್ರಮೆ ಹುಟ್ಟಿಸುತ್ತವೆ. ಗ್ರಂಥಿಗಳ ಬಾಯೊಳಕ್ಕೆ ಇಳಿದ ಕೋಶಗಳೂ ಇದೇ ಮೋಸ ಮಾಡುತ್ತವೆ. ಹಳೆಯ ಉರಿಯೂತ, ವಾಸಿಯಾಗುತ್ತಿರುವ ಗಾಯ, ಬಸುರಿನ ಕಾಲದ ಬದಲಾವಣೆ, ಇವೆಲ್ಲ ಕ್ಯಾನ್ಸರಿನ ವೇಷ ಹಾಕಬಲ್ಲವು. ಗರ್ಭಕೋಶದ ಒಳಗೋಡೆಯನ್ನು ಕೆರೆದು ತೆಗೆದಾಗ ಬರುವುದು ಚಿಂದಿ ಚಿಂದಿಯಾದ ಚೂರುಗಳು. ಅಲ್ಲಿ ಅತಿಯಾಗಿ ಬೆಳೆದ ನಿರಪಾಯದ ಗ್ರಂಥಿಗೂ ಮೊದಲ ಹಂತದ ಕ್ಯಾನ್ಸರಿಗೂ ನಡುವೆ ಗೆರೆ ಎಳೆಯುವುದು ನುರಿತವರಿಗೂ ಕಷ್ಟ. ಅಂಡಾಶಯದ ವಿಷಯದಲ್ಲಂತೂ ೧೮೯೬ರಲ್ಲಿ ಕ್ರುಕೆನ್‌ಬರ್ಗ್ ಎಂಬ ತರುಣ ವೈದ್ಯನು ಹೊಸ ಬಗೆಯ ಗಂತಿಯೊಂದನ್ನು ಬಹಳ ಎಚ್ಚರಿಕೆಯಿಂದ ವರ್ಣಿಸಿ, ಅದು ಅಂಡಾಶಯದಲ್ಲೇ ಹುಟ್ಟಿದ್ದೆಂದನು. ಅದು ಹೆಚ್ಚಾಗಿ ಹೊಟ್ಟೆಯ ಕ್ಯಾನ್ಸರ್ ಹರಡಿ ಬಂದದ್ದೆಂದು ಕೆಲವೇ ವರ್ಷಗಳಲ್ಲಿ ತಿಳಿಯಿತು. ವರ್ಣನೆ ಸರಿಯಾಗಿತ್ತು, ತವರುಮನೆ ತಪ್ಪಾಗಿತ್ತು. ಗಂತಿಗೆ ಇಂದಿಗೂ ಅವನ ಹೆಸರೇ ಇದೆ.

ಇಷ್ಟು ತೊಡಕಿದ್ದರೂ ರೋಗವಿಜ್ಞಾನಿಗಳಿಗೆ ತಮ್ಮ ಚೂರಿನ ಮೇಲೆ ಅಪಾರ ನಂಬಿಕೆ. ೧೯೨೮ರ ಜನವರಿಯಲ್ಲಿ ಪಾಪನಿಕೊಲಾವನು ಮಿಚಿಗನ್ ಸಂಸ್ಥಾನದ ಬ್ಯಾಟಲ್ ಕ್ರೀಕಿನ ಸಮ್ಮೇಳನವೊಂದರಲ್ಲಿ, ಉದುರಿದ ಕೋಶಗಳಿಂದಲೇ ಕ್ಯಾನ್ಸರನ್ನು ಗುರುತಿಸಬಹುದೆಂದು ಪ್ರಬಂಧ ಓದಿದನು. ಆ ಸಮ್ಮೇಳನವೋ ಜನಾಂಗವನ್ನು ಉತ್ತಮಗೊಳಿಸುವ ಹೆಸರಿನಲ್ಲಿ ಸೇರಿದ್ದು. ಅಲ್ಲಿ ಇವನ ವಿಷಯ ಹಂಸಗಳ ನಡುವಣ ಬಕವಾಗಿತ್ತೋ ಬಕಗಳ ನಡುವಣ ಹಂಸವಾಗಿತ್ತೋ ಓದುಗರೇ ಹೇಳಬೇಕು. ಪ್ರಬಂಧವು ಅಚ್ಚಿನ ತಪ್ಪುಗಳೊಡನೆ ಹೊರಬಂದಿತು. ಗರ್ಭಕೋಶದ ಕೊರಳು ಕೈಗೆಟಕುವ ಜಾಗದಲ್ಲಿಯೇ ಇದೆ, ಅಲ್ಲಿಂದ ಚೂರನ್ನೇ ತೆಗೆದು ನೋಡಬಹುದಾಗಿರುವಾಗ ಉದುರಿದ ಹೊಟ್ಟನ್ನು ಕೇರುವುದೇತಕ್ಕೆ ಎಂಬುದು ಬಲ್ಲವರ ವಾದ. ಒಂಟಿ ಕೋಶಕ್ಕೆ ವಿನ್ಯಾಸವಿಲ್ಲ, ತಳಪೊರೆಯಿಲ್ಲ, ಅಕ್ಕಪಕ್ಕದವರಿಲ್ಲ. ಅದರಿಂದ ತೀರ್ಪು ಹೇಳುವುದು ದುಸ್ಸಾಹಸವೆಂದರು. ಹೇಳಿದವನು ರೋಗವಿಜ್ಞಾನಿಯಲ್ಲ, ಗಿನಿಹಂದಿಗಳನ್ನು ನೋಡಿಕೊಂಡಿದ್ದ ಅಂಗರಚನೆಯ ಮೇಷ್ಟರು ಎಂಬುದೂ ಅವರ ಮನಸ್ಸಿನಲ್ಲಿದ್ದಿರಬಹುದು.

ರುಮೇನಿಯದ ಬುಖಾರೆಸ್ಟಿನಲ್ಲಿ ಅರೆಲ್ ಬಾಬೆಶ್ ಎಂಬ ವೈದ್ಯನು ಇದೇ ವಿಚಾರವನ್ನು ಸ್ವತಂತ್ರವಾಗಿ ಕಂಡು ೧೯೨೭ರಲ್ಲಿ ಅಲ್ಲಿನ ವೈದ್ಯಸಂಘದ ಮುಂದಿಟ್ಟು, ಮರುವರ್ಷ ಫ್ರೆಂಚ್ ಪತ್ರಿಕೆಯಲ್ಲಿ ಪ್ರಕಟಿಸಿದನೆಂಬುದನ್ನು ಇಲ್ಲಿ ಹೇಳದೆ ಬಿಡುವುದು ನ್ಯಾಯವಲ್ಲ. ಅವನ ವಿಧಾನ ಬೇರೆ, ಬಣ್ಣ ಬೇರೆ. ಮೊದಲಿಗನಾರೆಂಬ ಜಗಳವನ್ನು ಎರಡು ದೇಶಗಳವರೂ ಇನ್ನೂ ಬಿಟ್ಟಿಲ್ಲ. ಆ ಕಾಲದಲ್ಲಿ ಇಬ್ಬರ ಮಾತನ್ನೂ ಯಾರೂ ಕೇಳಲಿಲ್ಲವೆಂಬುದು ನಿಜ.

ಪಾಪನಿಕೊಲಾವನು ವಾದಕ್ಕೆ ನಿಲ್ಲಲಿಲ್ಲ. ಹತ್ತು ವರ್ಷಕ್ಕೂ ಮಿಕ್ಕಿ ಆ ವಿಷಯವನ್ನು ಬದಿಗಿಟ್ಟವನಂತೆ ಋತುಚಕ್ರದ ಸಂಶೋಧನೆಯಲ್ಲಿ ತೊಡಗಿದನು. ೧೯೩೯ರಲ್ಲಿ ಸ್ಟಾಕರ್ಡ್ ತೀರಿಕೊಂಡ ಮೇಲೆ ವಿಭಾಗಕ್ಕೆ ಬಂದ ಜೋಸೆಫ್ ಹಿನ್ಸಿ, ಬದಿಗಿಟ್ಟದ್ದನ್ನು ಮತ್ತೆ ಎತ್ತಿಕೊಳ್ಳುವಂತೆ ಹುರಿದುಂಬಿಸಿದನು. ಸ್ತ್ರೀರೋಗಗಳ ಅಂಗಾಂಶ ಪರೀಕ್ಷೆಯಲ್ಲಿ ಪಳಗಿದ ಹರ್ಬರ್ಟ್ ಟ್ರೌಟ್ ಜೊತೆಗೂಡಿದನು. ಇದು ಬಹಳ ಮುಖ್ಯವಾದ ಸಂಗತಿ. ಕೋಶವನ್ನು ಓದುವವನೊಬ್ಬ, ಚೂರನ್ನು ಓದುವವನೊಬ್ಬ. ಒಬ್ಬನ ಮಾತನ್ನು ಇನ್ನೊಬ್ಬ ಒರೆಗೆ ಹಚ್ಚಬಹುದಾಯಿತು. ಆ ವರ್ಷದ ಕೊನೆಯಿಂದ ನ್ಯೂಯಾರ್ಕ್ ಆಸ್ಪತ್ರೆಯ ಸ್ತ್ರೀರೋಗ ವಿಭಾಗಕ್ಕೆ ಬಂದ ಪ್ರತಿಯೊಬ್ಬ ಹೆಂಗಸಿನ ಸವರಿಕೆಯನ್ನೂ, ಕಾಯಿಲೆ ಯಾವುದೇ ಇರಲಿ, ತೆಗೆದಿಡುವ ಏರ್ಪಾಡಾಯಿತು.

ಮೂರು ಸಾವಿರ ಹೆಂಗಸರ ಫಲಕಗಳು ಹೀಗೆ ಸೇರಿದವು. ಹುಣ್ಣು ಕಂಡವರಲ್ಲಿ ಫಲಕವೂ ಚೂರೂ ಒಂದೇ ಮಾತನ್ನಾಡಿದವು. ಅದರಿಂದ ಹೊಸ ಲಾಭವೇನೂ ಇಲ್ಲ. ನಿಜವಾದ ಪರೀಕ್ಷೆಯಿದ್ದುದು ಬೇರೆ ಕಡೆ. ನೋವಿಲ್ಲ, ರಕ್ತಸ್ರಾವವಿಲ್ಲ, ಬರಿಗಣ್ಣಿಗೆ ಕೊರಳು ನಿರ್ಮಲವಾಗಿದೆ. ಬೇರಾವುದೋ ಕಾರಣಕ್ಕೆ ಬಂದ ಹೆಂಗಸು. ಫಲಕ ಮಾತ್ರ ಕ್ಯಾನ್ಸರ್ ಎನ್ನುತ್ತದೆ. ಚೂರು ತೆಗೆದರೆ ಏನೂ ಇಲ್ಲವೆಂದು ವರದಿ ಬರುತ್ತದೆ. ಯಾರನ್ನು ನಂಬುವುದು? ಫಲಕವನ್ನು ನಂಬಿ ಗರ್ಭಕೋಶವನ್ನು ತೆಗೆದು, ಅದು ನಿರ್ದೋಷಿಯೆಂದು ಆಮೇಲೆ ತಿಳಿದರೆ ಒಬ್ಬ ತಾಯಿಯಾಗಬಹುದಾದವಳಿಗೆ ಮಾಡಿದ ಅನ್ಯಾಯ. ಚೂರನ್ನು ನಂಬಿ ಮನೆಗೆ ಕಳುಹಿಸಿದರೆ ಎರಡು ಮೂರು ವರ್ಷಗಳ ಮೇಲೆ ಅವಳು ಗುಣವಾಗದ ಸ್ಥಿತಿಯಲ್ಲಿ ಮರಳಿ ಬರಬಹುದು. ವೈದ್ಯನಿಗೆ ಅಂದು ರಾತ್ರಿ ನಿದ್ರೆ ಹೇಗೆ ಬರಬೇಕು?

ಇಂತಹವರಲ್ಲಿ ಮತ್ತೆ ಫಲಕ ನೋಡಿ, ಮತ್ತೆ ಮತ್ತೆ ಬೇರೆ ಬೇರೆ ಜಾಗಗಳಿಂದ ಚೂರು ತೆಗೆದು, ಕೊರಳಿನ ನಾಳವನ್ನೂ ಕೆರೆದು ನೋಡಿದಾಗ, ಕೆಲವರಲ್ಲಿ ಅಡಗಿದ್ದ ರೋಗ ಹೊರಬಿದ್ದಿತು. ಮೊದಲ ಚೂರು ತಪ್ಪಿತ್ತೆಂದಲ್ಲ, ಅದು ಬಂದ ಜಾಗ ತಪ್ಪಾಗಿತ್ತು. ಮುಂದೆ ಕೊರಳಿನ ಮಧ್ಯಭಾಗವನ್ನೇ ಶಂಕುವಿನ ಆಕಾರದಲ್ಲಿ ಕೊರೆದು ತೆಗೆದು, ಅದನ್ನು ಸುತ್ತಲೂ ಪದರ ಪದರವಾಗಿ ಹೆರೆದು ನೋಡುವ ಪದ್ಧತಿ ಬಳಕೆಗೆ ಬಂದುದು ಈ ಸಂಕಟದಿಂದಲೇ. ಜರ್ಮನಿಯ ಹಿನ್ಸೆಲ್‌ಮನ್ ೧೯೨೫ರಲ್ಲಿ ರಚಿಸಿದ್ದ ಹಿಗ್ಗಿಸಿ ನೋಡುವ ಯಂತ್ರವೂ, ವಿಯೆನ್ನಾದ ಶಿಲ್ಲರ್ ತೋರಿಸಿಕೊಟ್ಟಿದ್ದ ಅಯೊಡಿನ್ ಲೇಪನವೂ ಎಲ್ಲಿಂದ ಚೂರು ತೆಗೆಯಬೇಕೆಂಬುದಕ್ಕೆ ಕೈದೀವಿಗೆಯಾದವು.

೧೯೪೧ರಲ್ಲಿ ಪಾಪನಿಕೊಲಾವ್ ಮತ್ತು ಟ್ರೌಟರ ಲೇಖನವೂ ೧೯೪೩ರಲ್ಲಿ ಅವರ ಗ್ರಂಥವೂ ಪ್ರಕಟವಾದವು. ಗ್ರಂಥದ ವರ್ಣಚಿತ್ರಗಳನ್ನು ಬರೆದವನು ಹಾಶಿಮೆ ಮುರಾಯಾಮಾ ಎಂಬ ಜಪಾನೀ ಕಲಾವಿದ. ಮೀನು ಹಕ್ಕಿಗಳ ಚಿತ್ರಗಳಿಗೆ ಹೆಸರಾಗಿದ್ದವನು. ಅಮೆರಿಕಕ್ಕೂ ಜಪಾನಿಗೂ ಘೋರ ಯುದ್ಧ ನಡೆಯುತ್ತಿದ್ದ ಕಾಲದಲ್ಲಿ ಒಬ್ಬ ಗ್ರೀಕ್ ವೈದ್ಯನ ಅಮೆರಿಕದ ಗ್ರಂಥಕ್ಕೆ ಒಬ್ಬ ಜಪಾನೀಯನು ಜೀವಕೋಶಗಳ ಚಿತ್ರ ಬರೆಯುತ್ತಿದ್ದನೆಂಬುದು ನೆನೆಯತಕ್ಕ ಸಂಗತಿ. ಫೋಟೋಗಳಿಗಿಂತ ಆ ಚಿತ್ರಗಳಿಂದಲೇ ಹಲವು ದೇಶಗಳ ವೈದ್ಯರು ಓದುವುದನ್ನು ಕಲಿತರು. ಫಲಕವನ್ನು ಒಣಗಲು ಬಿಡದೆ ಒದ್ದೆಯಾಗಿದ್ದಾಗಲೇ ಈಥರ್ ಮತ್ತು ಮದ್ಯಸಾರದಲ್ಲಿ ಅದ್ದುವುದು, ೧೯೪೨ರಲ್ಲಿ ಪ್ರಕಟಿಸಿದ ಬಣ್ಣಗಳ ಕ್ರಮದಿಂದ ಕೋಶಕೇಂದ್ರವನ್ನು ನೀಲಿಯಾಗಿಯೂ ಉಳಿದ ಭಾಗವನ್ನು ಅದರ ಪಕ್ವತೆಗೆ ತಕ್ಕಂತೆ ಹಸಿರು, ಗುಲಾಬಿ, ಕಿತ್ತಳೆಯಾಗಿಯೂ ತೋರಿಸುವುದು, ಇವು ಅವನ ಕಾಣಿಕೆ. ೧೯೪೭ರಲ್ಲಿ ಕೆನಡಾದ ಏರ್ ಎಂಬವನು ಮರದ ಪುಟ್ಟ ಚಮಚದಂತಹ ಸಾಧನದಿಂದ ಕೊರಳಿನಿಂದಲೇ ನೇರವಾಗಿ ಕೋಶಗಳನ್ನು ಕೆರೆಯುವುದನ್ನು ತೋರಿಸಿದಾಗ ಪರೀಕ್ಷೆ ಇನ್ನಷ್ಟು ಸುಲಭವಾಯಿತು.

ಪಾಪನಿಕೊಲಾವನು ಫಲಕಗಳನ್ನು ಐದು ವರ್ಗಗಳಾಗಿ ವಿಂಗಡಿಸಿದನು. ಒಂದನೆಯದು ನಿರ್ಮಲ, ಐದನೆಯದು ನಿಶ್ಚಿತವಾದ ಕ್ಯಾನ್ಸರ್. ನಡುವಣ ಮೂರನೆಯ ವರ್ಗವೆಂದರೆ ಸಂಶಯವಿದೆ, ನಿಶ್ಚಯವಿಲ್ಲ ಎಂದರ್ಥ. ಇದು ಹೇಡಿತನವೆಂದು ಕೆಲವರು ಹಾಸ್ಯ ಮಾಡಿದರು. ನನಗೆ ಮಾತ್ರ ಅವನ ಪ್ರಾಮಾಣಿಕತೆ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಆ ಮೂರನೆಯ ಮೆಟ್ಟಿಲಿನಲ್ಲಿ. ಫಲಕವೊಂದನ್ನೇ ನಂಬಿ ಯಾರಿಗೂ ಶಸ್ತ್ರಚಿಕಿತ್ಸೆ ಮಾಡಬಾರದು, ಚೂರಿನಿಂದ ಖಚಿತಪಡಿಸಿಕೊಂಡೇ ಮುಂದುವರಿಯಬೇಕು ಎಂದು ಅವನೇ ಒತ್ತಿ ಬರೆದನು. ಯಾರು ತನ್ನ ವಿಧಾನವನ್ನು ಜರೆದಿದ್ದರೋ ಅವರ ಬಾಗಿಲಿಗೇ ಕೊನೆಯ ತೀರ್ಪನ್ನು ಕಳುಹಿಸಿಕೊಟ್ಟನು.

ಆದರೆ ಕೊನೆಯ ತೀರ್ಪೂ ಕೊನೆಯದಲ್ಲವೆಂಬುದಕ್ಕೆ ಒಂದು ನಿದರ್ಶನ ಅವನ ಜೀವಿತಕಾಲದಲ್ಲಿಯೇ ನಡೆಯಿತು. ಸವರಿಕೆಯ ಪರೀಕ್ಷೆ ಹಬ್ಬಿದಂತೆ, ತಳಪೊರೆಯನ್ನು ದಾಟದ ಕೆಟ್ಟ ಕೋಶಗಳು ಆರೋಗ್ಯವಂತರಂತೆ ಕಾಣುವ ಅನೇಕ ಹೆಂಗಸರಲ್ಲಿ ಕಾಣತೊಡಗಿದವು. ಅವು ಮುಂದೆ ನಿಜವಾದ ಕ್ಯಾನ್ಸರ್ ಆಗುತ್ತವೆಯೆ ಎಂಬುದೇ ಜಗಳ. ಆಗುತ್ತವೆಂದು ಸಾಧಿಸಹೊರಟಿದ್ದ ಬಾಲ್ಟಿಮೋರಿನ ಟಿಲಿಂಡ್ ಎಂಬ ತಜ್ಞನು ತನ್ನ ಆಸ್ಪತ್ರೆಗೆ ಬಂದ ಹೆಂಗಸರ ಚೂರುಗಳನ್ನು ಪ್ರಯೋಗಶಾಲೆಗೆ ಕಳುಹಿಸುತ್ತಿದ್ದನು. ೧೯೫೧ರಲ್ಲಿ ಹಾಗೆ ಹೋದವುಗಳಲ್ಲಿ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಬಡ ನೀಗ್ರೋ ಮಹಿಳೆಯ ಚೂರೂ ಒಂದು. ಅವಳ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ. ಪ್ರಯೋಗಶಾಲೆಯಲ್ಲಿ ಆ ಕೋಶಗಳು ಸಾಯದೆ ಬೆಳೆಯುತ್ತಲೇ ಹೋಗಿ ಲೋಕಪ್ರಸಿದ್ಧವಾದವು. ಅವಳು ಮಾತ್ರ ಅದೇ ಅಕ್ಟೋಬರಿನಲ್ಲಿ ಮೂವತ್ತೊಂದನೆಯ ವಯಸ್ಸಿಗೆ ತೀರಿಕೊಂಡಳು. ಅವಳ ಚೂರನ್ನು ನೋಡಿದವರು ಮೇಲ್ಪೊರೆಯ ಕ್ಯಾನ್ಸರ್ ಎಂದು ಬರೆದಿದ್ದರು. ಇಪ್ಪತ್ತು ವರ್ಷಗಳ ಮೇಲೆ, ೧೯೭೧ರಲ್ಲಿ, ಅದೇ ಫಲಕವನ್ನು ಮತ್ತೆ ನೋಡಿದಾಗ ಅದು ಗ್ರಂಥಿಯಲ್ಲಿ ಹುಟ್ಟುವ ಬೇರೆ ಬಗೆಯ ಕ್ಯಾನ್ಸರೆಂದು ತಿಳಿಯಿತು. ಸರಿಯಾಗಿ ಓದಿದ್ದರೂ ಅಂದಿನ ಚಿಕಿತ್ಸೆ ಬದಲಾಗುತ್ತಿರಲಿಲ್ಲವೆನ್ನುತ್ತಾರೆ. ಇರಬಹುದು.

೨೦೦೧ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ, ಒಂದೇ ಫಲಕಗಳನ್ನು ಬೇರೆ ಬೇರೆ ತಜ್ಞರಿಗೆ ತೋರಿಸಿ ಅವರ ಮಾತುಗಳನ್ನು ತಾಳೆ ನೋಡಿದರು. ಸವರಿಕೆಯನ್ನು ಓದುವುದರಲ್ಲಿ ಒಮ್ಮತ ಸಾಧಾರಣವಾಗಿತ್ತು. ಬಯಾಪ್ಸಿಯ ಚೂರನ್ನು ಓದುವುದರಲ್ಲಿ ಅದಕ್ಕಿಂತ ಹೆಚ್ಚಿನ ಒಮ್ಮತವೇನೂ ಕಾಣಲಿಲ್ಲ. ೧೯೨೮ರ ವಾದವನ್ನು ಕೇಳಿದ್ದವರು ಯಾರಾದರೂ ಬದುಕಿದ್ದಿದ್ದರೆ ಏನೆನ್ನುತ್ತಿದ್ದರೋ!

ಪಾಪನಿಕೊಲಾವನ ವಿಧಾನದ ಮಿತಿಗಳನ್ನೂ ಮರೆಮಾಚಬಾರದು. ಕೊರಳಿನ ರೋಗದಲ್ಲಿ ಕೊಟ್ಟ ಫಲವನ್ನು ಅದು ಗರ್ಭಕೋಶದ ಒಡಲಿನ ಕ್ಯಾನ್ಸರಿನಲ್ಲಿ ಕೊಡಲಿಲ್ಲ. ಅಂಡಾಶಯದ ರೋಗವಂತೂ ಅದರ ಕೈಗೆ ಸಿಕ್ಕುವುದೇ ಅಪರೂಪ. ಕೊರಳಿನ ಕ್ಯಾನ್ಸರಿಗೆ ಒಂದು ಜಾತಿಯ ವೈರಸ್ಸು ಕಾರಣವೆಂಬುದು ಅವನಿಗೆ ಗೊತ್ತಿರಲಿಲ್ಲ. ಅದನ್ನು ಜರ್ಮನಿಯ ಹರಾಲ್ಡ್ ಜುರ್ ಹೌಸೆನ್ ೧೯೮೩ರಲ್ಲಿ ತೋರಿಸಿ ೨೦೦೮ರಲ್ಲಿ ನೊಬೆಲ್ಬಹುಮಾನ ಪಡೆದನು. ಈಗ ವೈರಸ್ಸಿನ ಪರೀಕ್ಷೆಯೂ ಬಂದಿದೆ, ತಡೆಯುವ ಲಸಿಕೆಯೂ ಬಂದಿದೆ. ನಮ್ಮ ದೇಶದ ಹೆಂಗಸರಲ್ಲಿ ಸ್ತನದ ಕ್ಯಾನ್ಸರನ್ನು ಬಿಟ್ಟರೆ ಇಂದಿಗೂ ಹೆಚ್ಚಾಗಿರುವುದು ಗರ್ಭಕೋಶದ ಕೊರಳಿನ ಕ್ಯಾನ್ಸರೇ. ಫಲಕ ಓದಲು ಪಳಗಿದ ಕಣ್ಣುಗಳೂ, ವರದಿ ಬಂದ ಮೇಲೆ ಹೆಂಗಸನ್ನು ಮತ್ತೆ ಕರೆತರುವ ಏರ್ಪಾಡೂ ಇಲ್ಲದ ಹಳ್ಳಿಗಾಡಿನಲ್ಲಿ ಪ್ಯಾಪ್ ಪರೀಕ್ಷೆ ಹೆಸರಿಗಷ್ಟೇ ಉಳಿಯುತ್ತದೆ; ಆದುದರಿಂದಲೇ ಕೊರಳಿಗೆ ವಿನಿಗರ್ ಸವರಿ ಬಿಳುಪಾಗುವುದೆ ಎಂದು ಬರಿಗಣ್ಣಿನಿಂದ ನೋಡುವ ಸರಳ ಪರೀಕ್ಷೆಯನ್ನು ಮುಂಬಯಿಯ ಟಾಟಾ ಆಸ್ಪತ್ರೆಯವರೇ ಮೊದಲಾಗಿ ನಮ್ಮಲ್ಲಿ ಪ್ರಯೋಗಿಸಿ ನೋಡಿದ್ದು.

ಕೀರ್ತಿ ಬಂದ ಮೇಲೂ ಅವನ ದಿನಚರಿ ಬದಲಾಗಲಿಲ್ಲ. ವಾರಕ್ಕೆ ಆರೂವರೆ ದಿನ ಪ್ರಯೋಗಶಾಲೆ. ಸಂಜೆ ಫಲಕಗಳ ಪೆಟ್ಟಿಗೆಯೊಡನೆ ಲಾಂಗ್ ಐಲೆಂಡಿನ ಮನೆಗೆ. ರಜೆ ಎಂಬುದನ್ನು ಅವನು ಕಂಡವನಲ್ಲ. ೧೯೫೦ರಲ್ಲಿ ಲ್ಯಾಸ್ಕರ್ ಪ್ರಶಸ್ತಿ ಬಂದಿತು. ನೊಬೆಲ್ ಬಹುಮಾನಕ್ಕೆ ಹಲವು ಸಲ ಹೆಸರು ಹೋದರೂ ಬರಲಿಲ್ಲ. ೧೯೫೪ರಲ್ಲಿ ಕೋಶಗಳ ದೊಡ್ಡ ಚಿತ್ರಸಂಪುಟವನ್ನು ಹೊರತಂದನು. ಮುಂದೆ ಗ್ರೀಸ್ ದೇಶದ ಹತ್ತು ಸಾವಿರ ದ್ರಾಖ್ಮಾ ನೋಟಿನ ಮೇಲೆ ಅವನ ಮುಖ ಅಚ್ಚಾಯಿತು. ಇನ್ನೂರೈವತ್ತು ಡಾಲರಿನೊಡನೆ ದೇಶ ಬಿಟ್ಟವನ ಮುಖ.

೧೯೬೧ರ ಕೊನೆಯಲ್ಲಿ, ಎಪ್ಪತ್ತೆಂಟನೆಯ ವಯಸ್ಸಿನಲ್ಲಿ, ಮಯಾಮಿ ನಗರದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯನ್ನು ಕಟ್ಟುವುದಕ್ಕೆಂದು ಗಂಡಹೆಂಡಿರು ನ್ಯೂಯಾರ್ಕನ್ನು ಬಿಟ್ಟು ಹೊರಟರು. ಮೂರು ತಿಂಗಳಾಗಿತ್ತಷ್ಟೆ. ೧೯೬೨ರ ಫೆಬ್ರವರಿ ೧೯ರಂದು ಹೃದಯಾಘಾತದಿಂದ ಪಾಪನಿಕೊಲಾವನು ತೀರಿಕೊಂಡನು. ಸಂಸ್ಥೆಗೆ ಅವನ ಹೆಸರನ್ನೇ ಇಟ್ಟರು. ಮೇರಿ ಅವನ ನಂತರ ಇಪ್ಪತ್ತು ವರ್ಷ ಬದುಕಿದ್ದು, ೧೯೮೨ರಲ್ಲಿ ಕಾಲವಾದಳು.